ಶರೀರ ಆಕೆಯದು, ಸಹಿ ಯಾರದು?

ಶಸ್ತ್ರಚಿಕಿತ್ಸೆಗೆ ಮುನ್ನ ಆಸ್ಪತ್ರೆಗಳಲ್ಲಿ ಒಂದು ಕಾಗದಕ್ಕೆ ಸಹಿ ಪಡೆಯುವ ಪದ್ಧತಿಯಿದೆ. ಬಹುಮಟ್ಟಿಗೆ ಅದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಶಸ್ತ್ರಕ್ರಿಯೆಯ ಹೆಸರು ಬರೆಯಲೆಂದು ಬಿಟ್ಟ ಖಾಲಿ ಜಾಗ ಎಷ್ಟೋ ಸಲ ಸಹಿ ಬಿದ್ದ ಮೇಲೆ ತುಂಬುತ್ತದೆ. ರೋಗಿ ಹೆಂಗಸಾದರೆ ಸಹಿ ಗಂಡನದು. ಗಂಡ ಪುಣೆಗೋ ಮುಂಬಯಿಗೋ ದುಡಿಯಲು ಹೋಗಿದ್ದರೆ ಮೈದುನನದು. ರೋಗಿ ವೃದ್ಧರಾದರೆ ಮಗನದು. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ, ಚಿಂಚೋಳಿಯ ಈ ಸೀಮೆಯಲ್ಲಿ ರೋಗಿಗಳನ್ನು ಕಾಣಲು ಹಾಸಿಗೆಯಿಂದ ಹಾಸಿಗೆಗೆ ನಡೆಯುವ ನಮ್ಮಂಥವರಿಗೆ ಇದು ಹೊಸ ನೋಟವಲ್ಲ. ಅಭ್ಯಂಗ ಸಂಸ್ಕಾರ ನೀಡಲು ಹೋದಾಗ, ಏನು ಆಪರೇಷನ್ ಆಯಿತಮ್ಮ ಎಂದು ಕೇಳಿದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: "ಡಾಕ್ಟರ್ ಸಾಹೇಬ್ರಿಗಿ ಗೊತ್ತದರಿ ಫಾದರ್, ನಮಗೇನ್ ತಿಳೀತದ?"

ಈ ಉತ್ತರದಲ್ಲಿ ವಿನಯವಿದೆ. ವೈದ್ಯರ ಮೇಲಿನ ಭರವಸೆಯೂ ಇದೆ. ಆ ಭರವಸೆಯನ್ನು ನಾವು ಹಗುರವಾಗಿ ಕಾಣುವವರಲ್ಲ. ಭರವಸೆಯಿಲ್ಲದೆ ಯಾವ ರೋಗಿಯೂ ತನ್ನ ಶರೀರವನ್ನು ಇನ್ನೊಬ್ಬರ ಕತ್ತಿಯ ಕೆಳಗೆ ಒಡ್ಡಲಾರ. ಆದರೆ ತನ್ನ ಹೊಟ್ಟೆಯೊಳಗಿನಿಂದ ಏನನ್ನು ತೆಗೆದರೆಂಬುದನ್ನೇ ಅರಿಯದವಳ ಭರವಸೆಗೂ, ಅರಿತು ಒಪ್ಪಿದವಳ ಭರವಸೆಗೂ ನಡುವೆ ಅಂತರವುಂಟು. ಆ ಅಂತರದಲ್ಲಿ ಏನೇನು ನಡೆದುಹೋಗಬಹುದು ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಮ್ಮ ಕಲಬುರಗಿ ಜಿಲ್ಲೆಯೇ ಸಾಕ್ಷಿ.

ತಾಂಡಾಗಳಲ್ಲಿ ನಡೆದದ್ದು

2015ರಲ್ಲಿ ಬೆಳಕಿಗೆ ಬಂದ ಆ ಪ್ರಕರಣ ಓದುಗರಲ್ಲಿ ಹಲವರಿಗೆ ನೆನಪಿರಬಹುದು. ತಾಂಡಾಗಳ ಲಂಬಾಣಿ ಮಹಿಳೆಯರೂ ದಲಿತ ಕೇರಿಗಳ ಮಹಿಳೆಯರೂ ಹೊಟ್ಟೆನೋವು, ನಡನೋವು, ಬಿಳಿಸೆರಗು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋಗಿ, ಗರ್ಭಕೋಶವನ್ನು ಕಳೆದುಕೊಂಡು ಮನೆಗೆ ಮರಳಿದ್ದರು. ಒಬ್ಬಿಬ್ಬರಲ್ಲ, ಇಂಥ ಶಸ್ತ್ರಕ್ರಿಯೆಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಅವರಲ್ಲಿ ಅನೇಕರು ಇನ್ನೂ ನಲವತ್ತು ದಾಟದವರು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ಈ ವಿಷಯವನ್ನು ಕೈಗೆತ್ತಿಕೊಂಡವು. ಆರೋಗ್ಯ ಇಲಾಖೆಯ ತನಿಖಾ ಸಮಿತಿ ಕೆಲವು ಆಸ್ಪತ್ರೆಗಳ ಮೇಲೆ ಕ್ರಮಕ್ಕೆ ಶಿಫಾರಸು ಮಾಡಿತು. 2017ರಲ್ಲಿ ಆ ಮಹಿಳೆಯರೇ ಕಲಬುರಗಿಗೆ ಬಂದು ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಕುಳಿತು ನ್ಯಾಯ ಕೇಳಿದರು.

ದುಡ್ಡಿನ ಆಸೆಯೇ ಇದಕ್ಕೆ ಮೂಲವೆಂದು ಹೇಳಿ ಮುಗಿಸಿಬಿಡುವುದು ಸುಲಭ. ಆಸೆಯಿತ್ತು, ಸಂದೇಹವಿಲ್ಲ. ಆದರೆ ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಆ ಮಹಿಳೆಯರಲ್ಲಿ ಹಲವರಿಗೆ ಹೇಳಲಾಗಿದ್ದು ಇಷ್ಟೇ: ಗರ್ಭಕೋಶ ಕೆಟ್ಟಿದೆ, ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ. ಕ್ಯಾನ್ಸರ್ ಎಂಬ ಹೆಸರು ಕಿವಿಗೆ ಬಿದ್ದ ಮೇಲೆ ಯಾವ ಬಡವಿ ಮರುಪ್ರಶ್ನೆ ಕೇಳುತ್ತಾಳೆ? ಬಂಗಾರ ಅಡವಿಟ್ಟು, ಸಾಲ ಮಾಡಿ, ಹೇಳಿದ ದಿನಕ್ಕೆ ಬಂದು ಮಲಗುತ್ತಾಳೆ. ಕಾಗದದ ಮೇಲೆ ಹೆಬ್ಬೆಟ್ಟಿನ ಗುರುತು ಬೀಳುತ್ತದೆ. ಮೇಲುನೋಟಕ್ಕೆ ಎಲ್ಲವೂ ನಿಯಮಬದ್ಧ, ಒಪ್ಪಿಗೆಯೂ ಇದೆ. ಬಲವಂತ ಮಾಡಿದವರು ಯಾರೂ ಇಲ್ಲ. ಹೀಗಿದ್ದೂ ಆಕೆ ನಿಜವಾಗಿ ಒಪ್ಪಿದಳೆಂದು ಹೇಳಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುವಾಗ ಸಂತ ತೋಮಾಸ್ ಅಕ್ವಿನಾಸರು ಮಾಡುವ ಒಂದು ವಿಂಗಡಣೆಯನ್ನು ನಮಗೆ ಕಲಿಸಿದ್ದರು. ಇಚ್ಛಾಪೂರ್ವಕವಾದ ಕ್ರಿಯೆಯನ್ನು ಕೆಡಿಸುವುದು ಬಲಾತ್ಕಾರವೊಂದೇ ಅಲ್ಲ. ಅಜ್ಞಾನವೂ ಅದನ್ನು ಕೆಡಿಸುತ್ತದೆ. ಕೈ ಹಿಡಿದು ಸಹಿ ಹಾಕಿಸಿದರೆ ಅದು ಹೇಗೆ ಆಕೆಯ ಸಹಿಯಲ್ಲವೋ, ವಿಷಯ ಮರೆಮಾಚಿ ಹಾಕಿಸಿದ ಸಹಿಯೂ ಹಾಗೆಯೇ ಆಕೆಯದಲ್ಲ. ಅಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಈ ಮಾತಿಗೆ ಅರ್ಥ ತಿಳಿದದ್ದು ಈ ಜಿಲ್ಲೆಯ ಸುದ್ದಿಗಳನ್ನು ಓದಿದ ಮೇಲೆ.

ಹಾಗಾದರೆ ಆ ಮಹಿಳೆಯರಿಗೆ ಏನೇನು ಹೇಳಬೇಕಿತ್ತು? ಬಿಳಿಸೆರಗು ಹೆಚ್ಚಿನ ಸಂದರ್ಭಗಳಲ್ಲಿ ಸೋಂಕಿನಿಂದ ಬರುವಂಥದು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲೇ ಗುಳಿಗೆಗಳಿವೆ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವುದಕ್ಕೂ ಮೊದಲ ಉಪಾಯ ಔಷಧವೇ. ಹಾರ್ಮೋನು ಬಿಡುಗಡೆ ಮಾಡುವ ಸಣ್ಣ ಸಾಧನವೊಂದನ್ನು ಗರ್ಭಕೋಶದೊಳಗೆ ಇರಿಸಿ ರಕ್ತಸ್ರಾವ ತಗ್ಗಿಸುವ ದಾರಿಯೂ ಇದೆ. ಗಡ್ಡೆಯಿದ್ದರೆ ಎಷ್ಟೋ ಸಂದರ್ಭಗಳಲ್ಲಿ ಗಡ್ಡೆಯನ್ನು ಮಾತ್ರ ತೆಗೆದು ಕೋಶವನ್ನು ಉಳಿಸಬಹುದು. ಗರ್ಭಕಂಠದ ಕ್ಯಾನ್ಸರಿನ ಭಯವಿದ್ದರೆ ತಪಾಸಣೆಯಿದೆ: ತೆಳುವಾದ ವಿನೆಗರ್ ದ್ರವವನ್ನು ಹಚ್ಚಿ, ಬಿಳಿಯ ಕಲೆ ಕಾಣುತ್ತದೆಯೇ ಎಂದು ಕಣ್ಣಿನಿಂದಲೇ ನೋಡುವ ಪರೀಕ್ಷೆ. ಅದಕ್ಕೆ ದೊಡ್ಡ ಯಂತ್ರ ಬೇಡ, ದೊಡ್ಡ ಖರ್ಚೂ ಇಲ್ಲ. ಇದೆಲ್ಲವನ್ನೂ ಮಾಡಿ ನೋಡಿದ ಮೇಲೂ ಗರ್ಭಕೋಶ ತೆಗೆಯಲೇಬೇಕಾಗುವ ಸಂದರ್ಭಗಳು ಖಂಡಿತ ಇವೆ. ಆಗ ಅದು ಜೀವ ಉಳಿಸುವ ಶಸ್ತ್ರಕ್ರಿಯೆ. ಅಂಥ ಶಸ್ತ್ರಕ್ರಿಯೆಗೆ ಹೆದರಿ ಹಿಂಜರಿಯಬೇಕೆಂದು ಯಾರೂ ಈ ಲೇಖನದಿಂದ ಅರ್ಥ ಮಾಡಿಕೊಳ್ಳಬಾರದು. ಆದರೆ ಕೋಶದೊಡನೆ ಎರಡೂ ಅಂಡಾಶಯಗಳನ್ನು ತೆಗೆದರೆ ಮುಟ್ಟು ನಿಲ್ಲುವ ಕಾಲ ಒಮ್ಮೆಲೇ ಬಂದೆರಗುತ್ತದೆ, ಎಲುಬುಗಳು ಬೇಗ ಸವೆಯತೊಡಗುತ್ತವೆ, ಹೃದಯದ ಕಾಯಿಲೆಯ ಸಂಭವ ಹೆಚ್ಚುತ್ತದೆ ಎಂಬುದನ್ನು ಮೂವತ್ತೈದು ವರ್ಷದ ಕೂಲಿಯ ಹೆಣ್ಣುಮಗಳಿಗೆ ಮೊದಲೇ ಹೇಳಬೇಡವೆ? ಆಕೆಯ ಬಂಡವಾಳ ಆಕೆಯ ಎಲುಬುಗಳೇ ಅಲ್ಲವೆ?

ಇದು ನಮ್ಮ ಜಿಲ್ಲೆಯೊಂದರ ಕಥೆಯಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮೊದಲ ಬಾರಿಗೆ ಈ ಕುರಿತು ದೇಶವ್ಯಾಪಿಯಾಗಿ ವಿಚಾರಿಸಿತು. 15ರಿಂದ 49 ವರ್ಷದ ಮಹಿಳೆಯರಲ್ಲಿ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ಶೇಕಡಾ 3.2, ಆಂಧ್ರಪ್ರದೇಶದಲ್ಲಿ ಶೇಕಡಾ 8.9. ನಮ್ಮ ಸೇಡಂ, ಚಿಂಚೋಳಿಗಳ ಗಡಿಗೆ ಅಂಟಿಕೊಂಡೇ ಇರುವ ತೆಲಂಗಾಣದಲ್ಲಿ ಶೇಕಡಾ 7.7. ಇವುಗಳಲ್ಲಿ ಮೂರರಲ್ಲಿ ಎರಡು ಪಾಲು ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಗಡಿಯ ಆಚೆಗಿನ ಹೆಣ್ಣುಮಕ್ಕಳ ಗರ್ಭಕೋಶಗಳೇ ಅಷ್ಟು ಬೇಗ ಕೆಡುತ್ತವೆಂದು ನಂಬುವುದು ಕಷ್ಟ.

ನ್ಯಾಯಾಲಯ ಹೇಳಿದ್ದು

ಒಪ್ಪಿಗೆ ಎಂದರೇನು ಎಂಬ ಪ್ರಶ್ನೆಗೆ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ ವಿವರವಾದ ಉತ್ತರ ಕೊಟ್ಟದ್ದು 2008ರ ಜನವರಿ 16ರಂದು, ಸಮೀರಾ ಕೊಹ್ಲಿ ಪ್ರಕರಣ ಎಂದು ಹೆಸರಾದ ತೀರ್ಪಿನಲ್ಲಿ. ಪ್ರಕರಣ 1995ರದು. ನಲವತ್ತನಾಲ್ಕು ವರ್ಷದ ಅವಿವಾಹಿತ ಮಹಿಳೆಯೊಬ್ಬರು ನಿಲ್ಲದ ರಕ್ತಸ್ರಾವದ ಕಾರಣ ತಿಳಿಯಲು ದರ್ಶಕ ನಳಿಗೆಯ ತಪಾಸಣೆಗೆ ಒಪ್ಪಿ ಅರಿವಳಿಕೆ ಪಡೆದು ಮಲಗಿದ್ದರು. ಅವರಿಗೆ ಪ್ರಜ್ಞೆಯಿಲ್ಲದಿದ್ದಾಗ, ಹೊರಗೆ ಕುಳಿತಿದ್ದ ವೃದ್ಧ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು.

ವೈದ್ಯರು ಕೆಡುಕು ಬಯಸಿದ್ದರೆಂದು ನ್ಯಾಯಾಲಯ ಹೇಳಲಿಲ್ಲ. ರೋಗಿಯ ಹಿತಕ್ಕೆಂದೇ, ಸದ್ಭಾವನೆಯಿಂದಲೇ ಮಾಡಿರಬಹುದು ಎಂದಿತು. ಆದರೂ ಅದು ತಪ್ಪೆಂದು ತೀರ್ಪಿತ್ತಿತು. ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಾಗಲಾರದು. ರೋಗಿ ಬುದ್ಧಿ ಸ್ಥಿಮಿತದಲ್ಲಿರುವ ಪ್ರಾಪ್ತವಯಸ್ಕಳಾಗಿದ್ದು, ಎಚ್ಚರಗೊಂಡ ಮೇಲೆ ಆಕೆಯನ್ನೇ ಕೇಳಲು ಸಾಧ್ಯವಿದ್ದಾಗ, ತಾಯಿಯ ಒಪ್ಪಿಗೆಗೆ ಬೆಲೆಯಿಲ್ಲ. ಕಾಯ್ದರೆ ಪ್ರಾಣಕ್ಕೋ ಆರೋಗ್ಯಕ್ಕೋ ಅಪಾಯವೆಂಬ ತುರ್ತು ಸಂದರ್ಭ ಮಾತ್ರ ಇದಕ್ಕೆ ಹೊರತು. ಆ ವೈದ್ಯರಿಗೆ ಶಸ್ತ್ರಕ್ರಿಯೆಯ ಶುಲ್ಕ ಸಲ್ಲದೆಂದೂ, ಮೇಲಾಗಿ 25,000 ರೂಪಾಯಿ ಪರಿಹಾರ ಕೊಡಬೇಕೆಂದೂ ನ್ಯಾಯಾಲಯ ಆಜ್ಞಾಪಿಸಿತು. ಮೊತ್ತ ಅಲ್ಪವೆನಿಸುತ್ತದೆ, ತತ್ತ್ವ ಅಲ್ಪವಲ್ಲ. ಚಿಕಿತ್ಸೆ ಸರಿಯಾಗಿದ್ದರೂ ಕೇಳದೆ ಮಾಡಿದ್ದು ಅನ್ಯಾಯ ಎಂಬುದೇ ಆ ತತ್ತ್ವ.

ವೈದ್ಯರು ಏನೇನು ತಿಳಿಸಬೇಕೆಂಬುದನ್ನೂ ಆ ತೀರ್ಪು ಎಣಿಸಿ ಹೇಳಿದೆ. ಚಿಕಿತ್ಸೆ ಎಂಥದು, ಹೇಗೆ ಮಾಡುತ್ತಾರೆ, ಯಾತಕ್ಕೆ, ಅದರಿಂದ ಏನು ಪ್ರಯೋಜನ, ಬೇರೆ ದಾರಿಗಳು ಇವೆಯೇ, ಗಂಭೀರವಾದ ಅಪಾಯಗಳು ಯಾವುವು, ಬೇಡವೆಂದರೆ ಏನಾದೀತು. ದೂರದ, ತೀರ ಅಪರೂಪದ ಅಪಾಯಗಳನ್ನೆಲ್ಲ ಪಟ್ಟಿಮಾಡಿ ರೋಗಿಯನ್ನು ಹೆದರಿಸಬೇಕಾಗಿಲ್ಲ ಎಂಬ ವಿವೇಕದ ಮಾತನ್ನೂ ಸೇರಿಸಿದೆ. ಇದು ನಮ್ಮ ನಾಡಿನ ಆಸ್ಪತ್ರೆಗಳ ಸ್ಥಿತಿ ಅರಿತು ಬರೆದ ತೀರ್ಪು; ಅಮೆರಿಕದ ನಿಯಮವನ್ನು ಹಾಗೆಯೇ ಎತ್ತಿ ಇಲ್ಲಿ ಇಟ್ಟದ್ದಲ್ಲ.

ಮುಂದೆ 2023ರ ಏಪ್ರಿಲ್ 5ರಂದು, ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿ ನಡೆದ ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆಗಳ ಬಗೆಗಿನ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಇತ್ಯರ್ಥಪಡಿಸುತ್ತ ಅದೇ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಅನ್ವಯಿಸುವ ಆದೇಶ ಕೊಟ್ಟಿತು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕು. ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟದ ಸಮಿತಿಗಳು ಈ ಶಸ್ತ್ರಕ್ರಿಯೆಗಳ ಮೇಲೆ, ವಿಶೇಷವಾಗಿ ನಲವತ್ತು ವರ್ಷಕ್ಕಿಂತ ಕಿರಿಯರ ವಿಷಯದಲ್ಲಿ, ಕಣ್ಣಿಡಬೇಕು. ಅನಗತ್ಯವಾಗಿಯೋ ರೋಗಿಯ ತಿಳಿದ ಒಪ್ಪಿಗೆಯಿಲ್ಲದೆಯೋ ಶಸ್ತ್ರಕ್ರಿಯೆ ಮಾಡಿದ ಆಸ್ಪತ್ರೆಗಳನ್ನು ಕಪ್ಪುಪಟ್ಟಿಗೆ ಸೇರಿಸಬೇಕು. ಎರಡು ತಪ್ಪುಗಳನ್ನು ನ್ಯಾಯಾಲಯ ಒಂದೇ ಸಾಲಿನಲ್ಲಿ ನಿಲ್ಲಿಸಿದೆ ಎಂಬುದನ್ನು ಓದುಗರು ಗಮನಿಸಬೇಕು. ಬೇಡದ್ದನ್ನು ಮಾಡುವುದು ಎಷ್ಟು ದೋಷವೋ, ತಿಳಿಸದೆ ಮಾಡುವುದೂ ಅಷ್ಟೇ ದೋಷ.

ಇಲ್ಲಿ ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆಯ ನಿಯಮಾವಳಿಯ ಪ್ರಕಾರ, ಸಂತಾನಶಕ್ತಿ ಹೋಗುವಂಥ ಶಸ್ತ್ರಕ್ರಿಯೆಗೆ ಗಂಡ ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕು. ದಂಪತಿಗಳು ಕೂಡಿ ನಿರ್ಧರಿಸಲಿ ಎಂಬ ಆಶಯ ಮೆಚ್ಚತಕ್ಕದ್ದೇ. ಆದರೆ ನಮ್ಮಲ್ಲಿ ಇಬ್ಬರು ಎಂದರೆ ಒಬ್ಬನೇ ಎಂದಾಗಿಬಿಡುತ್ತದೆ. ಗಂಡನ ಸಹಿ ಬಿದ್ದರೆ ಹೆಂಡತಿಯದೂ ಬಿದ್ದಂತೆ.

ಇಬ್ಬರು ವೈದ್ಯರು

ರೋಗಿಯನ್ನು ಕೇಳಿ ನಡೆಯುವುದು ಪಾಶ್ಚಾತ್ಯರ ಹೊಸ ಹುಚ್ಚೆಂದು ಭಾವಿಸುವವರುಂಟು. ವಿಷಯ ಬಹಳ ಹಳೆಯದು. ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋ ತನ್ನ ವೃದ್ಧಾಪ್ಯದಲ್ಲಿ ಬರೆದ 'ಕಾನೂನುಗಳು' ಎಂಬ ಗ್ರಂಥದ ನಾಲ್ಕನೆಯ ಭಾಗದಲ್ಲಿ ಇಬ್ಬರು ವೈದ್ಯರನ್ನು ಹೋಲಿಸುತ್ತಾನೆ. ಗುಲಾಮರಿಗೆ ಮದ್ದು ಕೊಡುವವನು ಏನನ್ನೂ ವಿವರಿಸುವುದಿಲ್ಲ, ಏನನ್ನೂ ಕೇಳಿಸಿಕೊಳ್ಳುವುದಿಲ್ಲ. ಆಜ್ಞೆಯಿತ್ತು ಮುಂದಿನ ರೋಗಿಯ ಕಡೆಗೆ ಧಾವಿಸುತ್ತಾನೆ. ಸ್ವತಂತ್ರ ಪ್ರಜೆಗಳ ವೈದ್ಯನಾದರೋ ರೋಗದ ಮೂಲವನ್ನು ವಿಚಾರಿಸುತ್ತಾನೆ, ರೋಗಿಯೊಡನೆಯೂ ಅವನ ಆಪ್ತರೊಡನೆಯೂ ಮಾತಾಡುತ್ತಾನೆ, ತಾನೂ ರೋಗಿಯಿಂದ ಕಲಿಯುತ್ತಾನೆ, ಮನವೊಲಿಸುವ ತನಕ ಮದ್ದು ಬರೆಯುವುದಿಲ್ಲ. ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದಿನ ಹೋಲಿಕೆ ಇದು. ತಾಂಡಾದ ಹೆಣ್ಣುಮಗಳಿಗೆ ಇವರಿಬ್ಬರಲ್ಲಿ ಯಾವ ವೈದ್ಯ ಸಿಕ್ಕಿದ್ದನೆಂಬುದನ್ನು ಓದುಗರೇ ತೀರ್ಮಾನಿಸಬಹುದು.

ಧರ್ಮಸಭೆಯ ಬೋಧನೆಯೂ ಇದಕ್ಕೆ ಹೊರತಲ್ಲ. ಪೋಪ್ ಜಗದ್ಗುರು ಹನ್ನೆರಡನೆಯ ಪಿಯುಸರು 1957ರ ನವೆಂಬರ್ 24ರಂದು ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತನಾಡುತ್ತ, ರೋಗಿಯ ಮೇಲೆ ವೈದ್ಯನಿಗೆ ಪ್ರತ್ಯೇಕವಾದ, ಸ್ವತಂತ್ರವಾದ ಹಕ್ಕಿಲ್ಲವೆಂದೂ, ರೋಗಿ ಬಾಯಿಬಿಟ್ಟೋ ಸೂಚನೆಯಿಂದಲೋ ಅನುಮತಿ ಕೊಟ್ಟಾಗ ಮಾತ್ರ ಆತ ಮುಂದುವರಿಯಬಹುದೆಂದೂ ಸ್ಪಷ್ಟಪಡಿಸಿದರು. ಭಕ್ತವಿಶ್ವಾಸಿಗಳು ಬಲ್ಲ ಇನ್ನೊಂದು ಸಂದರ್ಭವಿದೆ. ಸಂತ ಯೊವಾನ್ನರ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ, ಕೊಳದ ಬಳಿ ಮೂವತ್ತೆಂಟು ವರ್ಷಗಳಿಂದ ಬಿದ್ದಿದ್ದ ರೋಗಿಯನ್ನು ಯೇಸುಸ್ವಾಮಿ ಮೊದಲು ಕೇಳಿದ್ದು, ಗುಣಹೊಂದಲು ನಿನಗೆ ಮನಸ್ಸಿದೆಯೇ ಎಂದು. ಅಷ್ಟು ವರ್ಷ ಮಲಗಿದವನನ್ನು ಇದೂ ಕೇಳಬೇಕೆ ಎಂದು ಎಳೆಯ ವಯಸ್ಸಿನಲ್ಲಿ ನಮಗೆ ಅನ್ನಿಸುತ್ತಿತ್ತು. ಕೇಳಬೇಕು. ಆ ಪ್ರಶ್ನೆಯಿಂದಲೇ ಆತ ಹಾಸಿಗೆಯ ಮೇಲಿನ ಹೊರೆಯಾಗಿ ಉಳಿಯದೆ ಮಾತಿಗೆ ಪಾತ್ರನಾದ ಮನುಷ್ಯನಾಗುತ್ತಾನೆ.

ಮನೆಯವರೂ ವೈದ್ಯರೂ

ಆದರೆ ತಪ್ಪನ್ನೆಲ್ಲ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಬರುವುದು ನ್ಯಾಯವಲ್ಲ. ರೋಗಿಯ ಬಾಯಿ ಮುಚ್ಚಿಸುವುದರಲ್ಲಿ ಮನೆಯವರ ಪಾಲು ಸಣ್ಣದೇನಲ್ಲ. ತಂದೆಗೆ ಕ್ಯಾನ್ಸರ್ ಎಂದು ತಿಳಿದರೆ ಮಗ ಮೊದಲು ವೈದ್ಯರಿಗೆ ಹೇಳುವ ಮಾತು, ಅಪ್ಪನಿಗೆ ಹೇಳಬೇಡಿ ಎಂದು. ಪ್ರೀತಿಯಿಂದ ಹೇಳುವ ಮಾತೇ. ಆದರೆ ಎಪ್ಪತ್ತು ವರ್ಷ ಬದುಕಿ, ಕಾರ್ಖಾನೆಯಲ್ಲಿ ದುಡಿದು, ಮಕ್ಕಳ ಮದುವೆ ಮಾಡಿ, ಊರಿನ ನ್ಯಾಯ ಹೇಳಿದ ಮನುಷ್ಯನಿಗೆ ತನ್ನ ಹೊಟ್ಟೆಯಲ್ಲಿ ಏನಿದೆ ಎಂಬುದನ್ನು ತಿಳಿಯುವ ಶಕ್ತಿಯಿಲ್ಲವೆಂದು ನಿರ್ಧರಿಸುವ ಅಧಿಕಾರ ಮಗನಿಗೆ ಎಲ್ಲಿಂದ ಬಂತು? ಆತನಿಗೆ ಒಪ್ಪಿಸಬೇಕಾದ ಲೆಕ್ಕಗಳಿರಬಹುದು, ಕಾಣಬೇಕಾದ ಮಗಳಿರಬಹುದು, ಮಾಡಬೇಕಾದ ಪಾಪನಿವೇದನೆಯಿರಬಹುದು. ಎಲ್ಲರೂ ಬಲ್ಲ ಸುದ್ದಿಯನ್ನು ಒಬ್ಬನಿಗೆ ಮಾತ್ರ ಮುಚ್ಚಿಟ್ಟ ಮನೆಯಲ್ಲಿ ಆ ಒಬ್ಬನೇ ಎಲ್ಲರಿಗಿಂತ ಒಂಟಿ. ಅಂಥ ಮನೆಗಳಲ್ಲಿ ರೋಗಿಗೆ ವಿಷಯ ತಿಳಿದೇ ಇರುತ್ತದೆ, ಮನೆಯವರು ನೊಂದಾರೆಂದು ತಿಳಿಯದವನಂತೆ ನಟಿಸುತ್ತಿರುತ್ತಾನೆ; ಇದನ್ನು ನಾವು ಒಂದಲ್ಲ, ಅನೇಕ ಬಾರಿ ಕಂಡಿದ್ದೇವೆ.

ನಮ್ಮದು ಕುಟುಂಬ ಕೂಡಿ ನಿರ್ಧರಿಸುವ ಸಮಾಜ, ಒಬ್ಬಂಟಿಯಾಗಿ ತೀರ್ಮಾನಿಸುವುದು ನಮ್ಮ ರೀತಿಯಲ್ಲ ಎಂಬ ಆಕ್ಷೇಪ ಬರುತ್ತದೆ. ಒಪ್ಪತಕ್ಕ ಮಾತು. ಆದರೆ ಕೂಡಿ ನಿರ್ಧರಿಸುವುದು ಬೇರೆ, ಬಿಟ್ಟು ನಿರ್ಧರಿಸುವುದು ಬೇರೆ. ಕೂಡಿದವರ ನಡುವೆ ಯಾರ ಶರೀರವೋ ಆ ವ್ಯಕ್ತಿಯೂ ಇರಬೇಕಲ್ಲವೆ? ಎಲ್ಲವನ್ನೂ ಕೇಳಿದ ಮೇಲೆ, ನೀವೇ ನೋಡಿಕೊಳ್ಳಿರಿ, ನನಗೆ ವಿವರ ಬೇಡ ಎಂದು ಒಬ್ಬ ಅಜ್ಜಿ ಮಗನಿಗೆ ಒಪ್ಪಿಸಿದರೆ ಅದು ಆಕೆಯ ನಿರ್ಧಾರವೇ, ಅದನ್ನು ಗೌರವಿಸೋಣ. ಕೇಳದೆಯೇ ಆಕೆಯ ಪರವಾಗಿ ಹಾಗೆಂದು ಊಹಿಸಿಕೊಳ್ಳುವುದು ಗೌರವವಲ್ಲ.

ವೈದ್ಯರ ಕಷ್ಟವನ್ನೂ ಕಾಣಬೇಕು. ತಾಲ್ಲೂಕು ಆಸ್ಪತ್ರೆಯ ವೈದ್ಯರ ಕೋಣೆಯ ಮುಂದಿನ ಸಾಲನ್ನು ನೋಡಿದವರಿಗೆ ಅವರು ಒಬ್ಬೊಬ್ಬರಿಗೂ ಅರ್ಧ ಗಂಟೆ ವಿವರಿಸಲಿ ಎಂದು ಹೇಳುವ ಧೈರ್ಯ ಬಾರದು. ಭಾಷೆಯ ತೊಡಕು ಇನ್ನೊಂದು. ಈ ಸೀಮೆಯ ಒಂದೇ ವಾರ್ಡಿನಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಐದೂ ಕೇಳಿಬರುತ್ತವೆ. ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋದ ರೋಗಿಗೆ ಅಲ್ಲಿನ ವೈದ್ಯರ ಅರ್ಧ ಮಾತು ಅರ್ಥವಾಗುವುದಿಲ್ಲ. ಜೊತೆಗೆ ಹೋದ ಹತ್ತನೆಯ ತರಗತಿಯ ಹುಡುಗ ತಾಯಿಯ ಮುಟ್ಟಿನ ತೊಂದರೆಯನ್ನು ದುಭಾಷಿಯಾಗಿ ವಿವರಿಸಬೇಕಾದ ಸಂಕಟವನ್ನು ಯೋಚಿಸಿ ನೋಡಿ. ತಾಯಿ ಅರ್ಧ ನುಂಗುತ್ತಾಳೆ, ಮಗ ಉಳಿದರ್ಧ ನುಂಗುತ್ತಾನೆ. ಇಂಥಲ್ಲಿ ಊರಿನ ಆಶಾ ಕಾರ್ಯಕರ್ತೆಯೋ, ನರ್ಸ್ ತರಬೇತಿ ಪಡೆದ ನಮ್ಮ ಹೆಣ್ಣುಮಕ್ಕಳೋ, ಕನ್ಯಾಸ್ತ್ರೀಯರೋ ಜೊತೆಗಿದ್ದರೆ ಅರ್ಧ ಚಿಕಿತ್ಸೆಯಾದಂತೆಯೇ. ಶಸ್ತ್ರಕ್ರಿಯೆಗೆ ಹೋಗುವವರ ಜೊತೆ ಹೋಗಬಲ್ಲ ಇಬ್ಬರು ಮೂವರು ಮಹಿಳೆಯರನ್ನು ಪ್ರತಿ ಧರ್ಮಕೇಂದ್ರವೂ ಗುರುತಿಸಿಕೊಳ್ಳಬಾರದೇಕೆ ಎಂಬುದು ನಮ್ಮ ಪ್ರಶ್ನೆ. ಜಾತಿ, ಮತ ನೋಡದೆ ಹೋಗುವವರಾಗಿರಬೇಕು, ಅಷ್ಟೇ.

ರೋಗಿಯನ್ನು ಮಾತಾಡಿಸುವುದಕ್ಕೆ ಬಹಳ ಸಮಯವೇ ಬೇಕೆಂದೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗೆಂದು ಒಂದು ಪುಟದ ತಾಳೆಪಟ್ಟಿಯನ್ನು ಹೊರತಂದಿತು. ಅರಿವಳಿಕೆ ಕೊಡುವ ಮುನ್ನ ಮಾಡಬೇಕಾದ ಮೊತ್ತಮೊದಲ ಕೆಲಸ, ರೋಗಿಯ ಬಾಯಿಂದಲೇ ನಾಲ್ಕು ವಿಷಯ ಖಚಿತಪಡಿಸಿಕೊಳ್ಳುವುದು: ತಾನು ಯಾರು, ಶರೀರದ ಯಾವ ಭಾಗ, ಏನು ಶಸ್ತ್ರಕ್ರಿಯೆ, ಅದಕ್ಕೆ ಒಪ್ಪಿದ್ದೇನೆಯೇ. ದೆಹಲಿಯೂ ಸೇರಿ ಜಗತ್ತಿನ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಬಳಸಿ ನೋಡಿದಾಗ ಶಸ್ತ್ರಕ್ರಿಯೆಯ ನಂತರದ ಸಾವು ಶೇಕಡಾ 1.5ರಿಂದ 0.8ಕ್ಕೆ, ತೊಡಕುಗಳು ಶೇಕಡಾ 11ರಿಂದ 7ಕ್ಕೆ ಇಳಿದವೆಂದು 2009ರಲ್ಲಿ ಪ್ರಕಟವಾಯಿತು. ಇಳಿಕೆಗೆ ಪಟ್ಟಿಯ ಇತರ ಅಂಶಗಳೂ ಕಾರಣ, ನಿಜ. ಆದರೂ ಆ ಪಟ್ಟಿ ಆರಂಭವಾಗುವುದು ರೋಗಿಯ ಮಾತಿನಿಂದ. ಎಡಗಣ್ಣಿನ ಪೊರೆಗೆ ಬಂದ ಅಜ್ಜನಿಗೆ ಬಲಗಣ್ಣಿನ ಆಪರೇಷನ್ ಆಗದಂತೆ ತಡೆಯಬಲ್ಲ ಅತ್ಯಂತ ಅಗ್ಗದ ಸಾಧನ ಅಜ್ಜನ ನಾಲಿಗೆಯೇ.

ಚೇತರಿಕೆ ಮನೆಯಲ್ಲಿ

ಶಸ್ತ್ರಕ್ರಿಯೆಯ ದಿನ ಬಹುಪಾಲು ವೈದ್ಯರದು. ಆಮೇಲಿನ ವಾರಗಳು ರೋಗಿಯವು. ಇಲ್ಲಿಯೂ ಆಜ್ಞೆಗಿಂತ ಮಾತುಕತೆಯೇ ಮೇಲು ಎಂಬುದಕ್ಕೆ ಕಾರಣವಿದೆ. ಗಾಯ ಎಷ್ಟು ದಿನದಲ್ಲಿ ಮಾಯುತ್ತದೆ ಎಂಬುದನ್ನು ವೈದ್ಯರು ಬಲ್ಲರು. ಆದರೆ ಆ ಗಾಯ ಹೊತ್ತು ಹೋಗುವ ಮನೆ ಎಂಥದು ಎಂಬುದನ್ನು ರೋಗಿ ಮಾತ್ರ ಬಲ್ಲಳು. ನೀರಿನ ಕೊಡ ಎಷ್ಟು ದೂರದಿಂದ ಹೊರಬೇಕು, ಶೌಚಕ್ಕೆ ಎಲ್ಲಿಗೆ ಹೋಗಬೇಕು, ಕಲ್ಲಿನ ಗಣಿಯಲ್ಲಿ ಕೂಲಿ ತಪ್ಪಿದರೆ ಎಷ್ಟು ದಿನ ಒಲೆ ಉರಿದೀತು. ಶಹಾಬಾದಿ ಕಲ್ಲಿನ ಹಾಸುಗಳನ್ನು ಎತ್ತಿ ಲಾರಿಗೆ ಏರಿಸುವ ಹೆಂಗಸಿಗೆ "ಭಾರ ಎತ್ತಬೇಡಮ್ಮ" ಎಂದಷ್ಟೇ ಹೇಳಿ ಕಳುಹಿಸಿದರೆ ಅದು ಸಲಹೆಯೇ ಅಲ್ಲ. ಆರು ವಾರ ಎತ್ತಬಾರದೆಂಬುದನ್ನೂ, ಎತ್ತಿದರೆ ಹೊಲಿಗೆಯ ಜಾಗ ಸಡಿಲಗೊಂಡು ಹರ್ನಿಯಾ ಆಗಬಹುದೆಂಬುದನ್ನೂ ಮೊದಲೇ ಹೇಳಿದ್ದರೆ, ಜೋಳದ ರಾಶಿ ಮುಗಿಯುವ ತನಕ ಕಾಯೋಣವೇ, ತವರಿನಿಂದ ತಂಗಿಯನ್ನು ಕರೆಸೋಣವೇ ಎಂದು ಆಕೆ ಯೋಚಿಸುತ್ತಿದ್ದಳು. ತುರ್ತಲ್ಲದ ಶಸ್ತ್ರಕ್ರಿಯೆಯ ದಿನವನ್ನು ಗೊತ್ತುಮಾಡುವುದರಲ್ಲಿಯೂ ರೋಗಿಯ ಮಾತು ನಡೆಯಬೇಕೆನ್ನುವುದು ಇದಕ್ಕಾಗಿಯೇ.

ಹೇಳದೆ ಬಿಟ್ಟ ಜಾಗವನ್ನು ನೆರೆಹೊರೆಯ ಮಾತು ತುಂಬುತ್ತದೆ. ಬೇಳೆ ತಿಂದರೆ ಹೊಲಿಗೆಗೆ ಕೀವಾಗುತ್ತದೆ, ನೀರು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಎದ್ದು ತಿರುಗಾಡಿದರೆ ಟಾಕಿ ಬಿಚ್ಚುತ್ತದೆ. ತೊಗರಿಯ ಕಣಜವೆಂದು ಹೆಸರಾದ, 2019ರಲ್ಲಿ ತನ್ನ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಜಿಲ್ಲೆಯಲ್ಲಿ, ಗಾಯ ಮಾಯಲು ಪ್ರೋಟೀನು ಬೇಕಾದ ಹೊತ್ತಿನಲ್ಲೇ ರೋಗಿಗೆ ಬೇಳೆ ನಿಷಿದ್ಧ! ಮಲಗಿಯೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಕಫ ಕಟ್ಟಿ ಶ್ವಾಸಕೋಶಕ್ಕೆ ಸೋಂಕು ತಗುಲಬಹುದು. ಆದುದರಿಂದ ವೈದ್ಯರು ಬೇಗ ಎದ್ದು ನಡೆಯಿರಿ ಎನ್ನುತ್ತಾರೆ. ಕಾರಣ ಹೇಳದೆ ನಡೆಸಿದರೆ ಅದು ನರ್ಸಮ್ಮನ ನಿರ್ದಯತೆಯಾಗಿ ಕಾಣುತ್ತದೆ. ಕಾರಣ ತಿಳಿದವಳು ಹೊಟ್ಟೆಗೆ ದಿಂಬು ಒತ್ತಿಹಿಡಿದು ಕೆಮ್ಮುತ್ತಾಳೆ, ಗೋಡೆ ಹಿಡಿದು ತಾನೇ ನಾಲ್ಕು ಹೆಜ್ಜೆ ಇಡುತ್ತಾಳೆ. ನೋವು ಇಬ್ಬರಿಗೂ ಇದೆ. ಒಬ್ಬಳು ನೋವನ್ನು ಅನುಭವಿಸುತ್ತಾಳೆ, ಇನ್ನೊಬ್ಬಳು ಅದನ್ನು ದುಡಿಸಿಕೊಳ್ಳುತ್ತಾಳೆ.

ಕೇಳಬೇಕಾದವು

ನಮ್ಮ ಓದುಗರಲ್ಲಿ ಯಾರಿಗಾದರೂ, ಅವರ ಮನೆಯವರಿಗಾದರೂ ಶಸ್ತ್ರಕ್ರಿಯೆಯ ಮಾತು ಬಂದಲ್ಲಿ, ನಾಚದೆ ಕೇಳಬೇಕಾದ್ದು ಹೆಚ್ಚೇನಿಲ್ಲ. ನನಗೆ ಏನಾಗಿದೆ, ಏನನ್ನು ತೆಗೆಯುತ್ತೀರಿ, ಏನನ್ನು ಉಳಿಸುತ್ತೀರಿ. ಗುಳಿಗೆಯಿಂದ ಆಗದೆ? ತಿಂಗಳು ಕಾಯ್ದರೆ ಏನಾದೀತು? ಕ್ಯಾನ್ಸರ್ ಎಂದರೆ ಯಾವ ಪರೀಕ್ಷೆಯಿಂದ ತಿಳಿಯಿತು, ಅದರ ವರದಿ ಎಲ್ಲಿ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಬೇಸರಿಸಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಅವಮಾನದ ಸಂಗತಿಯಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಅದೂ ಒಂದು ಹಕ್ಕು. ಕಾರ್ಖಾನೆಯ ಕಾರ್ಮಿಕರ ಕುಟುಂಬಗಳಲ್ಲಿ ಇಎಸ್ಐ ಕಾರ್ಡ್ ಇದ್ದವರಿಗೆ ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್ಐ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಇಲ್ಲದವರಿಗೆ ಜಿಲ್ಲಾ ಆಸ್ಪತ್ರೆಯಿದೆ. ಒಂದು ದಿನದ ಬಸ್ ಚಾರ್ಜಿಗೆ ಹೆದರಿ ಶರೀರದ ಅಂಗವನ್ನು ಬಿಟ್ಟುಕೊಡಬಾರದು.

ಕಾಗದಗಳ ವಿಷಯವಾಗಿ ಒಂದು ಮಾತು. 2002ರ ಅದೇ ನಿಯಮಾವಳಿಯಂತೆ, ರೋಗಿ ಕೇಳಿದರೆ ಚಿಕಿತ್ಸೆಯ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು. ತಾಂಡಾಗಳಿಂದ ಬಂದು ನ್ಯಾಯ ಕೇಳಿದಂಥ ಹೆಣ್ಣುಮಕ್ಕಳ ಕೈಯಲ್ಲಿ ಸ್ಕ್ಯಾನಿಂಗಿನ ಚೀಟಿಯೂ ಬಿಡುಗಡೆಯ ಕಾಗದವೂ ಇದ್ದರೆ ಅವರ ಮಾತಿಗೆ ತೂಕ ಬರುತ್ತದೆ. ಆದುದರಿಂದ ಬಿಡುಗಡೆಯ ದಿನ ಬಿಲ್ಲಿನ ಜೊತೆಗೆ ಡಿಸ್ಚಾರ್ಜ್ ಕಾರ್ಡನ್ನೂ ಕೇಳಿ ಪಡೆಯಿರಿ. ಒಪ್ಪಿಗೆಯ ಫಾರಂನ ನಕಲನ್ನೂ ಕೇಳಿರಿ. ತೆಗೆದ ಅಂಗವನ್ನು ಪರೀಕ್ಷೆಗೆ ಪ್ರಯೋಗಾಲಯಕ್ಕೆ ಕಳುಹಿಸಿದರೇ ಎಂದು ವಿಚಾರಿಸಿ, ಅದರ ವರದಿ ಬರಲು ಕೆಲವು ದಿನ ಹಿಡಿಯುತ್ತದೆಯಾದ್ದರಿಂದ ಹೊಲಿಗೆ ಬಿಚ್ಚಿಸಲು ಹೋದಾಗ ತಪ್ಪದೆ ಕೇಳಿಕೊಂಡು ಬನ್ನಿರಿ. ರೇಷನ್ ಕಾರ್ಡ್ ಇಡುವ ಚೀಲದಲ್ಲೇ ಅವನ್ನೂ ಇಡಿರಿ.